ಹನಿ ನೀರೂ ನುಗ್ಗದ ಟೆಂಟು

ನಮ್ಮ ಮನೆಯ ಕಿಟಕಿ ಕಟ್ಟೆಯನ್ನು ನಾನು ದಿನಕ್ಕೆ ಮೂರು ಸಲ ಒರೆಸುತ್ತೇನೆ. ಎದುರಿಗಿರುವುದು ಕಲ್ಲು ಕೊಯ್ಯುವ ಶೆಡ್ಡು. ಬೆಳಿಗ್ಗೆ ಎಂಟಕ್ಕೆ ಗರಗಸ ಶುರುವಾದರೆ ಹತ್ತು ಗಂಟೆಗೆಲ್ಲ ಕಟ್ಟೆಯ ಮೇಲೆ ಬಿಳಿ ಪುಡಿ ಕೂತಿರುತ್ತದೆ, ಬೆರಳಿನಲ್ಲಿ ಅಕ್ಷರ ಬರೆಯುವಷ್ಟು. ನಮ್ಮ ಚಿಕ್ಕವಳು ಅಲ್ಲೇ ಅಕ್ಷರ ಕಲಿತಳು.

ಅವಳಿಗೆ ಏಳು ವರ್ಷ. ಮೈಯಲ್ಲಿ ಮಾಂಸವಿಲ್ಲ, ಎದೆ ಸದಾ ಪಟಪಟ ಅನ್ನುತ್ತದೆ, ಹಾಗಾಗಿ ಎಲ್ಲರಿಗೂ ಅವಳು ಗುಬ್ಬಿ. ಉಬ್ಬಸ ಬಂದಾಗ ಬಾಯಿಗೆ ಹಿಡಿಯುವ ಪಂಪು ಅವಳ ಶಾಲೆಯ ಚೀಲದಲ್ಲೊಂದು, ದಿಂಬಿನ ಕೆಳಗೊಂದು ಇರುತ್ತದೆ. ಆ ಸಲ ತೋರಿಸಲು ಹೋದಾಗ ಡಾಕ್ಟರು ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಬೇರೆ ಔಷಧಿ ಬರೆಯದೆ ಪೆನ್ನು ಕೆಳಗಿಟ್ಟರು.

"ಮನೆ ಬದಲಾಯಿಸೋಕಾಗುತ್ತಾ?"

"ಇಲ್ಲ ಡಾಕ್ಟ್ರೇ."

"ಹಾಗಾದ್ರೆ ತಿಂಗಳಿಗೆ ಎರಡು ಸಲನಾದ್ರೂ ಈ ಧೂಳಿಂದ ಆಚೆ ಕರ್ಕೊಂಡ್ಹೋಗಿ. ಬೆಟ್ಟ, ಕಾಡು, ಎಲ್ಲಾದ್ರೂ ಸರಿ. ಎರಡು ದಿನ ಒಳ್ಳೆ ಗಾಳಿ ಕುಡೀಲಿ."

ಮನೆಗೆ ಬಂದು ಹೇಳಿದಾಗ ನನ್ನ ಗಂಡ ಊಟಕ್ಕೆ ಕೂತಿದ್ದರು. ಲಿಫ್ಟ್ ರಿಪೇರಿ ಮಾಡುವ ಕೆಲಸ ಅವರದು. ಉಗುರಿನ ಸಂದಿಯ ಗ್ರೀಸು ಸೀಗೆಗೂ ಹೋಗುವುದಿಲ್ಲ, ಸೋಪಿಗೂ ಹೋಗುವುದಿಲ್ಲ. "ಬೆಟ್ಟದ ಮೇಲೆ ನಮಗೇನು ಮನೆ ಕಟ್ಸಿಟ್ಟಿದಾರಾ?" ಅಂದರು.

"ಟೆಂಟ್ ತಗೋಳೋಣ," ಎಂದಳು ದೊಡ್ಡವಳು. ಹದಿನೈದು ವರ್ಷ, ಶಾಲೆಯ ಚಾರಣದ ಗುಂಪಿನಲ್ಲಿದ್ದಾಳೆ. ಯಾವ ಮಾತಿಗೂ ಎದುರು ಮಾತು ಇಟ್ಟುಕೊಂಡಿರುವುದರಿಂದ ಇವರು ಅವಳನ್ನು ಲಾಯರಮ್ಮ ಎನ್ನುತ್ತಾರೆ. "ಒಂದ್ಸಲ ತಗೊಂಡ್ರೆ ಹತ್ತು ವರ್ಷ ಬರುತ್ತೆ."

ಮೂಲೆಯಲ್ಲಿ ಬ್ರೆಡ್ಡನ್ನು ಹಾಲಿನಲ್ಲಿ ಅದ್ದುತ್ತಿದ್ದ ಮಾವ ತಲೆ ಎತ್ತಿದರು. "ಟೆಂಟು ತಗೋಳೋದಾದ್ರೆ ನಾನೂ ಬರ್ತೀನಿ ಅಂಗಡಿಗೆ," ಎಂದರು.

ಮಾವ ನಲವತ್ತು ವರ್ಷ ಲಾರಿಗಳಿಗೆ ಟಾರ್ಪಾಲು ಹೊಲಿದವರು. ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ಬೆರಳುಗಳು ಕೊಕ್ಕೆಯಂತೆ ಬಾಗಿದ್ದವು. ಆದರೂ ಅವರ ಕೈಯಿಂದ ಅಂಟಿನ, ಮೇಣದ ವಾಸನೆ ಹೋಗಿರಲಿಲ್ಲ. ಗುಬ್ಬಿಗೆ ಅದು ತಾತನ ವಾಸನೆ. ಆ ಅಂಗೈ ಕೆನ್ನೆಯ ಕೆಳಗಿದ್ದರೆ ಮಾತ್ರ ಅವಳಿಗೆ ಮಧ್ಯಾಹ್ನದ ನಿದ್ದೆ.

ಅಂಗಡಿಯಲ್ಲಿ ಮೂರು ಟೆಂಟು ಬಿಡಿಸಿ ತೋರಿಸಿದರು. ಒಂದು ದಪ್ಪ ಬಟ್ಟೆಯದು, ಆರು ಜನ ಮಲಗಬಹುದು, ಹದಿನಾಲ್ಕು ಕೇಜಿ. ಇನ್ನೊಂದು ಒಂದೇ ಪದರದ್ದು, ಅಗ್ಗ. ಮೂರನೆಯದು ನಾಲ್ಕು ಜನರದ್ದು. ಒಳಗೆ ಬಲೆಯ ಗೂಡು, ಅದರ ಮೇಲೊಂದು ಹೊದಿಕೆ, ಹೊದಿಕೆಯ ನೆತ್ತಿಯಲ್ಲಿ ಎರಡು ಗಾಳಿಕಿಂಡಿ, ಕಿಂಡಿಗಳ ಮೇಲೆ ಟೋಪಿಯ ಹಾಗೆ ಪುಟ್ಟ ಮರೆ.

"ಇದೇ," ಎಂದಳು ಲಾಯರಮ್ಮ.

"ದುಡ್ಡು ಕೊಡೋರನ್ನ ಒಂದ್ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?" ಎಂದರು ಇವರು. "ಆರು ಜನರದ್ದು ನೋಡು, ಕಾಲು ಚಾಚಬಹುದು."

"ಹದಿನಾಲ್ಕು ಕೇಜಿ ಅಪ್ಪಾ. ಬೆಟ್ಟ ಹತ್ತೋವಾಗ ಯಾರು ಹೊರ್ತಾರೆ? ನಿನ್ನ ಲಿಫ್ಟು ಬರುತ್ತಾ?"

ಅಂಗಡಿಯವನು ನಕ್ಕುಬಿಟ್ಟ. ಇವರ ಮುಖ ಕೆಂಪಾಯಿತು. ನಾನು ಅವರ ತೋಳು ಮುಟ್ಟಿ, "ಹೋಗ್ಲಿ ಬಿಡಿ. ಒಳಗೆ ಮಲಗಿ ನೋಡೋಣ ಬನ್ನಿ," ಎಂದೆ.

ಚಪ್ಪಲಿ ಬಿಟ್ಟು ನಾಲ್ವರೂ ಸಾಲಾಗಿ ಮಲಗಿದೆವು. ಇವರ ಮೊಣಕೈ ನನ್ನ ಪಕ್ಕೆಗೆ, ದೊಡ್ಡವಳ ಮೊಣಕಾಲು ನನ್ನ ತೊಡೆಗೆ.

"ನಾಲ್ಕು ಜನ ಅಂದ್ರೆ ನಾಲ್ಕು ಜನ ಮಗ್ಗುಲು ಬದಲಾಯಿಸ್ದೆ ಇರೋದು ಅಂತ ಅರ್ಥ," ಎಂದರು ಇವರು.

"ಒಬ್ರು ಮಗ್ಗುಲಾದ್ರೆ ಎಲ್ರೂ ಮಗ್ಗುಲಾಗಣ," ಎಂದಳು ಗುಬ್ಬಿ. ಅಷ್ಟು ದಿನದಲ್ಲಿ ಇವರು ನಕ್ಕದ್ದು ಆಗಲೇ.

ಹೊರಗೆ ಮಾವ ಹೊದಿಕೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜುತ್ತಿದ್ದರು. ಬಾಯಿ ಹಚ್ಚಿ ಊದಿದರು. ಆಮೇಲೆ ನೆತ್ತಿಯ ಕಿಂಡಿ ನೋಡಿ ಅಂಗಡಿಯವನನ್ನು ಕರೆದರು. "ಏನಪ್ಪಾ, ತೂತು ಬಿಟ್ಟು ಹೊಲಿದಿದೀರಲ್ಲ?"

"ಗಾಳಿ ಆಡೋಕೆ ತಾತ."

"ಗಾಳಿ ಬರೋ ಕಡೆ ನೀರು ಬರಲ್ವಾ? ಕೂಸಿನ ಎದೆ ಮೊದಲೇ ಸರಿಯಿಲ್ಲ. ಥಂಡಿ ಹಿಡಿದ್ರೆ ಏನು ಗತಿ?"

"ಅಪ್ಪಾ, ಸುಮ್ನಿರು," ಎಂದರು ಇವರು ಒಳಗಿಂದಲೇ. "ನಿನ್ನ ಕಾಲದ ಲಾರಿ ಅಲ್ಲ ಇದು. ನೀನೇನು ಬರ್ತಿದೀಯಾ, ಹೋಗ್ತಿದೀಯಾ?"

ಮಾವ ಬಟ್ಟೆ ಬಿಟ್ಟರು. ಮಂಡಿ ನೋವಿನಿಂದ ಅವರು ಬೆಟ್ಟ ಹತ್ತುವಂತಿರಲಿಲ್ಲ; ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅಲ್ಲಿಯವರೆಗೂ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ನಾಲ್ಕು ಜನರ ಟೆಂಟನ್ನೇ ತೆಗೆದುಕೊಂಡೆವು.

ಮುಂದಿನ ಎರಡು ವಾರ ಮನೆಯಲ್ಲಿ ಅದೇ ಜಗಳ. ಹೊದಿಕೆ ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ ಎಂದು ಮಾವ. ಅದು ಹಗುರ ಬಟ್ಟೆ, ಹಾಗೇ ಇರುವುದು ಎಂದು ದೊಡ್ಡವಳು. ಇಬ್ಬರ ನಡುವೆ ಇವರು.

"ನೀರು ಸುರಿದು ತೋರಿಸ್ಲಾ?" ಎನ್ನುತ್ತಿದ್ದರು ಮಾವ.

"ಮನೆ ತುಂಬಾ ನೀರು ಮಾಡ್ಬೇಡ ಅಪ್ಪಾ."

"ನನ್ನ ಕೈಲಿ ಹೊಲಿದ ಟಾರ್ಪಾಲಿನ ಕೆಳಗೆ ಸಕ್ಕರೆ ಹೋಗಿದೆ ಕಣೋ, ಸಿಮೆಂಟು ಹೋಗಿದೆ. ಒಂದು ಚೀಲ ನೆನೀತು ಅಂತ ಒಬ್ಬ ಡ್ರೈವರು ವಾಪಸ್ ಬರ್ಲಿಲ್ಲ."

"ಸಿಮೆಂಟು ಉಸಿರಾಡಲ್ಲ ತಾತ!" ಎಂದು ದೊಡ್ಡವಳು ತಟ್ಟೆ ಎತ್ತಿಕೊಂಡು ಎದ್ದುಬಿಟ್ಟಳು.

ಅವಳು ಆ ಮಾತು ಆಡಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನಾಗ ಎಲ್ಲರ ತಟ್ಟೆಗೂ ಆಲೂಗಡ್ಡೆ ಬಡಿಸುತ್ತಾ, "ಹೋಗ್ಲಿ ಬಿಡಿ, ಊಟದ ಹೊತ್ತಲ್ಲಿ ಬೇಡ," ಎಂದಿದ್ದೆ.

ಹೊರಡುವ ಎರಡು ದಿನ ಮೊದಲು, ಗುರುವಾರ, ನಾನು ಶಾಲೆಯ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ ಮುಗಿಸಿ ಮಧ್ಯಾಹ್ನ ಮನೆಗೆ ಬಂದೆ. ಮಾವ ಕೆಳಗಿರಲಿಲ್ಲ. ಟೀ ತೆಗೆದುಕೊಂಡು ಮಹಡಿಯ ಮೇಲೆ ಹೋದರೆ, ಟೆಂಟಿನ ಹೊದಿಕೆಯನ್ನು ಬಿಸಿಲಲ್ಲಿ ಎರಡು ಹಗ್ಗಕ್ಕೆ ಕಟ್ಟಿ ಹರಡಿದ್ದರು. ಮಾವ ಅದರ ಕೆಳಗೆ ಅಂಗಾತ ಮಲಗಿದ್ದರು. ಬಟ್ಟೆಯ ಮೂಲಕ ಅವರ ನೆರಳು ಕಾಣುತ್ತಿತ್ತು.

ಟಾರ್ಪಾಲಿನ ಶೆಡ್ಡಿನಲ್ಲಿ ಹೀಗೆಯೇ ಮಾಡುತ್ತಿದ್ದರಂತೆ. ಹೊಲಿದು ಮುಗಿದ ಮೇಲೆ ಒಬ್ಬ ಕೆಳಗೆ ನುಸುಳಿ ಮಲಗಬೇಕು. ಎಲ್ಲೆಲ್ಲಿ ಬೆಳಕು ಇಣುಕುತ್ತದೋ ಅಲ್ಲೆಲ್ಲ ಚಾಕ್‌ಪೀಸಿನಲ್ಲಿ ಗುಂಡಗೆ ಗುರುತು ಹಾಕಬೇಕು. ಗುರುತಿದ್ದಲ್ಲೆಲ್ಲ ತೇಪೆ, ಅಂಟು, ಮೇಣ. ಮಾವನ ಪಕ್ಕದಲ್ಲಿ ಹಳೆಯ ಅಂಟಿನ ಡಬ್ಬಿ ತೆರೆದಿತ್ತು. ನೆತ್ತಿಯ ಒಂದು ಕಿಂಡಿಗೆ ಒಳಗಿನಿಂದ ತೇಪೆ ಬಿದ್ದಾಗಿತ್ತು. ಇನ್ನೊಂದರ ಸುತ್ತ ಚಾಕ್‌ಪೀಸಿನ ಗೆರೆ ಎಳೆಯುತ್ತಾ ಅವರು ಏನೋ ಗುನುಗುತ್ತಿದ್ದರು. ಹೊದಿಕೆಯ ಅಂಚಿಗೆ ನೆಲ ಮುಟ್ಟುವ ಹಾಗೆ ಒಂದು ಗೇಣು ಪಟ್ಟಿಯನ್ನೂ ಹೊಲಿದಿದ್ದರು. ಆ ಕೊಕ್ಕೆ ಬೆರಳಲ್ಲಿ, ಒಂದೊಂದೇ ಹೊಲಿಗೆ.

ಅಂಟಿನ ಘಾಟು ನನ್ನ ಕಣ್ಣಿಗೂ ಹತ್ತಿತು. ಹೇಳಬೇಕಿತ್ತು. ಆದರೆ ಮಾವ ಗುನುಗಿದ್ದು ಕೇಳಿ ವರ್ಷಗಳಾಗಿದ್ದವು. ಹೇಳಿದರೆ ಇವರಿಗೆ ಗೊತ್ತಾಗುತ್ತದೆ, ಇವರು ಕೂಗಾಡುತ್ತಾರೆ, ದೊಡ್ಡವಳು ಬಾಗಿಲು ಬಡಿಯುತ್ತಾಳೆ, ಮಾವ ಊಟ ಬಿಡುತ್ತಾರೆ. ಎರಡು ದಿನದಲ್ಲಿ ವಾಸನೆ ಆರುತ್ತದೆ ಅಂದುಕೊಂಡೆ. ಟೀ ಲೋಟವನ್ನು ಹೊದಿಕೆಯ ಅಂಚಿನಲ್ಲಿಟ್ಟು, ಸದ್ದು ಮಾಡದೆ ಕೆಳಗಿಳಿದೆ.

ಶನಿವಾರ ಬೆಳಿಗ್ಗೆ ಟೆಂಟನ್ನು ಮಡಚಿ ಚೀಲಕ್ಕೆ ತುಂಬಿದವರೂ ಮಾವನೇ. ಬಿಗಿಯಾಗಿ ಸುತ್ತಿ ಹಗ್ಗ ಬಿಗಿದು, "ಹೋಗ್ಬನ್ನಿ," ಎಂದು ಗುಬ್ಬಿಯ ತಲೆ ಸವರಿದರು. "ಹನಿ ನೀರೂ ನುಗ್ಗಲ್ಲ, ನೋಡ್ತಿರು."

ಬಸ್ಸಿಳಿದು ಒಂದೂವರೆ ತಾಸು ಹತ್ತಿದೆವು. ಗುಬ್ಬಿ ಅರ್ಧ ದಾರಿ ನಡೆದಳು, ಅರ್ಧ ದಾರಿ ಅಪ್ಪನ ಹೆಗಲೇರಿದಳು. ಒಮ್ಮೆಯೂ ಪಂಪು ಕೇಳಲಿಲ್ಲ. ಅವಳ ತುಟಿ ಅಷ್ಟು ಕೆಂಪಗೆ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಬಂಡೆಯ ಮೇಲೆ ಕೂತು ಬೇಯಿಸಿದ ಮೊಟ್ಟೆ ಸುಲಿದು ತಿಂದೆವು. ಲಾಯರಮ್ಮ ಅಪ್ಪನಿಗೆ ಗೂಟ ಹೊಡೆಯುವುದು ಹೇಳಿಕೊಟ್ಟಳು. ಇವರು ಒಂದು ಮಾತೂ ಎದುರಾಡದೆ ಹೊಡೆದರು.

"ಅಯ್ಯೋ, ಇದೇನಿದು ಲಂಗ?" ಎಂದಳು ಅವಳು, ಹೊದಿಕೆಯ ಅಂಚಿನ ಪಟ್ಟಿ ನೋಡಿ.

"ತಾತನ ಕೆಲಸ," ಎಂದು ಇವರು ನಕ್ಕರು. "ಇರ್ಲಿ ಬಿಡು, ಮಳೆ ಬಂದ್ರೆ ಒಳ್ಳೇದೇ."

ಮಾತು ಮುಗಿಯುವಷ್ಟರಲ್ಲಿ ಮಳೆ ಬಂತು. ಆಗ ನಾಲ್ಕು ಗಂಟೆ ಇರಬೇಕು. ನೆತ್ತಿಯ ಕಡೆ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಚೀಲ, ಚಪ್ಪಲಿ, ಮಕ್ಕಳು, ಎಲ್ಲವನ್ನೂ ಒಳಗೆಳೆದುಕೊಂಡು ಜಿಪ್ಪು ಎಳೆದೆವು. ಇರಚಲು ಹೊಡೆಯುತ್ತಿದ್ದರಿಂದ ಎರಡೂ ಕಡೆ ಮುಚ್ಚಿದೆವು.

"ಏನೋ ವಾಸನೆ," ಎಂದಳು ದೊಡ್ಡವಳು.

"ಹೊಸದಲ್ವಾ," ಎಂದರು ಇವರು. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಮದುವೆ ಗಂಡಿನ ಕತೆ ಶುರುಮಾಡಿದರು. ಗಂಡು ಒಳಗೆ, ಹೆಣ್ಣು ಹೊರಗೆ, ಇಬ್ಬರೂ ಬಾಗಿಲಿನ ಸಂದಿಯಲ್ಲಿ ಜಗಳ. ಮಕ್ಕಳಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಘಾಟು ನನಗೆ ಗೊತ್ತಾಗುತ್ತಿತ್ತು. ಮಳೆ ಸ್ವಲ್ಪ ಕಡಿಮೆಯಾಗಲಿ, ಜಿಪ್ಪು ತೆಗೆಯೋಣ, ಆಗ ಹೇಳೋಣ ಎಂದು ಕೂತೆ.

ಮಳೆ ಕಡಿಮೆಯಾಗಲಿಲ್ಲ. ಹೊದಿಕೆಯ ಒಳಮೈಯೆಲ್ಲ ಬೆವರಿ ಹನಿ ಉದುರತೊಡಗಿತು. ಗುಬ್ಬಿಯ ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಪಂಪು ಹಿಡಿದೆ, ಒಮ್ಮೆ, ಎರಡು ಸಲ, ನಾಲ್ಕು ಸಲ. ಅವಳ ಗಂಟಲ ಕುಳಿ ಒಳಗೆ ಸೇದಿಕೊಳ್ಳುತ್ತಿತ್ತು.

"ಜಿಪ್ಪು ತೆಗೀರಿ!" ಎಂದು ಆಗ ಕೂಗಿದೆ.

ಇವರು ಅವಳನ್ನು ಎದೆಗವಚಿಕೊಂಡು ಆ ಮಳೆಯಲ್ಲೇ ಇಳಿದರು. ಒಂದೂವರೆ ತಾಸಿನ ದಾರಿ ಮುಕ್ಕಾಲು ತಾಸಿನಲ್ಲಿ. ನಾನು ಹಿಂದೆ, ಎರಡು ಸಲ ಬಿದ್ದೆ. ದೊಡ್ಡವಳು ತಂಗಿಯ ಬೆನ್ನಿಗೆ ಕೈಯಿಟ್ಟುಕೊಂಡೇ ಓಡುತ್ತಿದ್ದಳು. "ಉಸಿರು ಬಿಡು ಗುಬ್ಬಿ, ಬಿಡು, ಈಗ ತಗೋ, ಈಗ ಬಿಡು." ಕೆಳಗೆ ತಲುಪುವ ಹೊತ್ತಿಗೆ ಆ ಕೆಂಪು ತುಟಿ ನೀಲಿಯಾಗಿತ್ತು.

ಹನ್ನೊಂದು ದಿನ ಆಸ್ಪತ್ರೆ. ಅದರಲ್ಲಿ ನಾಲ್ಕು ದಿನ ಗಂಟಲೊಳಗೆ ಕೊಳವೆ.

ಮಾರನೆಯ ದಿನ ಮಾವ ಫ್ಲಾಸ್ಕಿನಲ್ಲಿ ಗಂಜಿ ಹಿಡಿದು ಬಂದರು. ಏನಾಯಿತೆಂದು ಪೂರಾ ಯಾರೂ ಅವರಿಗೆ ಹೇಳಿರಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಕೂತು ಕೇಳಿದರು, "ಮಳೆ ಜೋರಾಗಿತ್ತಂತೆ. ನೀರು ಒಳಗೆ ಬಂತಾ?"

"ಇಲ್ಲ ಮಾವ," ಎಂದೆ. "ಒಂದು ಹನಿಯೂ ಬರ್ಲಿಲ್ಲ."

ಅವರು ತಲೆಯಾಡಿಸಿದರು. "ಮತ್ತೆ ಥಂಡಿ ಹೇಗೆ ಹಿಡೀತು ಕೂಸಿಗೆ?"

ವಾರ್ಡಿನ ಡಾಕ್ಟರು ಕೇಳಿದ್ದರು: ಬಣ್ಣ, ಅಂಟು, ಹೊಗೆ, ಇಂಥದ್ದೇನಾದರೂ ಇತ್ತೇ? ಇವರು ಇಲ್ಲ ಎಂದಿದ್ದರು. ನಾನು ಗುಬ್ಬಿಯ ಕಾಲಿಗೆ ಹೊದಿಕೆ ಸರಿಮಾಡುತ್ತಿದ್ದೆ.

ಗುಬ್ಬಿ ಮನೆಗೆ ಬಂದ ಮೂರನೆಯ ದಿನ, ಬೆಟ್ಟದ ಕಾವಲುಗಾರ ಕಿತ್ತು ತಂದು ಬಸ್ಸಿಗೆ ಹಾಕಿ ಕಳಿಸಿದ್ದ ಟೆಂಟನ್ನು ಒಣಗಿಸಲು ದೊಡ್ಡವಳು ಮಹಡಿಗೆ ಒಯ್ದಳು. ಐದು ನಿಮಿಷಕ್ಕೆ ಹೊದಿಕೆಯನ್ನು ಎಳೆದುಕೊಂಡು ಕೆಳಗೆ ಬಂದಳು. ಅಡುಗೆಮನೆಯ ನೆಲದ ಮೇಲೆ ಒಳಮೈ ಮೇಲಾಗಿ ಹರಡಿದಳು. ನೆತ್ತಿಯಲ್ಲಿ ಎರಡು ಕಂದು ತೇಪೆ. ಅವುಗಳ ಸುತ್ತ ಚಾಕ್‌ಪೀಸಿನ ಗುಂಡು ಗೆರೆ, ಅಷ್ಟು ಮಳೆಗೂ ಅಳಿಸಿರಲಿಲ್ಲ.

"ಮೂಸಿ ನೋಡಪ್ಪಾ," ಎಂದಳು.

ಇವರು ಬಗ್ಗಿ ಮೂಸಿದರು. ತಟ್ಟನೆ ಎದ್ದು ಮಾವನ ಮುಂದೆ ಹೋಗಿ ನಿಂತರು. "ನೀನಾ?"

"ನೀರು ಬರಬಾರದು ಅಂತ..."

"ಕೊಂದುಬಿಡ್ತಿದ್ದೆಯಲ್ಲ ಅವಳನ್ನ! ನನ್ನ ಮಗೂನ ಚೀಲದಲ್ಲಿ ಹಾಕಿ ಹೊಲಿದುಬಿಟ್ಟೆ ನೀನು! ಯಾರನ್ನ ಕೇಳಿ ಮಾಡ್ದೆ? ಯಾರಿಗಾದ್ರೂ ಹೇಳಿದ್ಯಾ? ಯಾರಾದ್ರೂ ನೋಡಿದ್ರಾ?"

ಮಾವ ತಮ್ಮ ಕೈ ನೋಡಿಕೊಂಡರು. ನಾನು ಒಲೆಯ ಮುಂದೆ ನಿಂತಿದ್ದೆ. ಹಾಲು ಉಕ್ಕಿತು. ಬಟ್ಟೆ ತೆಗೆದುಕೊಂಡು ಒರೆಸಿದೆ.

"ಯಾರೂ ಇಲ್ಲ," ಎಂದರು ಮಾವ. "ನಾನೇ."

ಅಲ್ಲಿಂದ ಮಾವ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ. ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಇವರು ಅವರ ಜೊತೆ ಮಾತು ಬಿಟ್ಟರು. ಏನಾದರೂ ಹೇಳುವುದಿದ್ದರೆ ಗೋಡೆಗೆ ಹೇಳುತ್ತಿದ್ದರು. "ಔಷಧಿ ಚೀಟಿ ಯಾರೋ ಮುಟ್ಟಿದಾರೆ." "ಬಚ್ಚಲಲ್ಲಿ ಯಾರೋ ನೀರು ಬಿಟ್ಟಿದಾರೆ."

ಅದನ್ನೆಲ್ಲ ಮಾವ ಹೇಗೋ ನುಂಗುತ್ತಿದ್ದರು. ನುಂಗಲಾಗದೆ ಹೋದದ್ದು ಗುಬ್ಬಿಯದು. ಮನೆಗೆ ಬಂದ ದಿನವೇ ಅವರು ಕೈಚಾಚಿದಾಗ ಅವಳು ಫ್ರಾಕನ್ನು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದಿದ್ದಳು. ಆಮೇಲೆ ಅವರು ಕೋಣೆಗೆ ಬಂದರೆ ಸಾಕು, ಮೂಗು ಮುಚ್ಚಿ ನನ್ನ ಬೆನ್ನ ಹಿಂದೆ. ಹೆದರಿ ಹೆದರಿ ನಿಜವಾಗಿಯೂ ಉಬ್ಬಸ ಬರುತ್ತಿತ್ತು.

ಮಾವ ಕೈ ತೊಳೆಯಲು ಶುರುಮಾಡಿದರು. ಬಟ್ಟೆ ಸೋಪು, ಸೀಮೆಎಣ್ಣೆ, ನಿಂಬೆಹಣ್ಣಿನ ಸಿಪ್ಪೆ, ಪಾತ್ರೆ ತಿಕ್ಕುವ ತಂತಿ. ಒಂದು ದಿನ ನಲ್ಲಿಯ ಕೆಳಗೆ ನೀರು ಗುಲಾಬಿ ಬಣ್ಣಕ್ಕೆ ತಿರುಗಿದ್ದು ನೋಡಿ ತಂತಿಯನ್ನು ಕಸಿದುಕೊಂಡೆ. "ಸಾಕು ಮಾವ."

"ಈಗ ಮೂಸು ನೋಡೋಣ," ಎಂದು ಅಂಗೈ ಮುಂದೆ ಹಿಡಿದರು. "ಹೋಯ್ತಾ?"

"ಹೋಯ್ತು," ಎಂದೆ. ಹೋಗಿರಲಿಲ್ಲ.

ಐದನೆಯ ವಾರ ಇವರು ತಮ್ಮ ಅಕ್ಕನಿಗೆ ಫೋನು ಮಾಡಿದರು. ಆಕೆಗೆ ಪಾತ್ರೆ ಅಂಗಡಿ ಇದೆ. ಅಂಗಡಿಯ ಹಿಂದೆ ರಟ್ಟಿನ ಪೆಟ್ಟಿಗೆ ತುಂಬುವ ಒಂದು ಕೋಣೆ, ಅದಕ್ಕೆ ಕಿಟಕಿಯಿಲ್ಲ; ಮಾವ ಇರಬೇಕಾದದ್ದು ಅಲ್ಲಿ. ಭಾನುವಾರ ಬಂದು ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ ಎಂದಳಂತೆ.

"ಕೆಲವು ದಿನ ಇರ್ಲಿ ಅಲ್ಲಿ," ಎಂದರು ನನಗೆ. ಎಷ್ಟು ದಿನ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾವನ ನಾಲ್ಕು ಅಂಗಿ, ಎರಡು ಪಂಚೆ ಒಗೆದು ಇಸ್ತ್ರಿ ಮಾಡಿಟ್ಟೆ. ಕಿತ್ತುಹೋದ ಗುಂಡಿ ಹಾಕಿಟ್ಟೆ. ಕೈ ಖಾಲಿ ಬಿಡಲಿಲ್ಲ.

ಭಾನುವಾರ ಹತ್ತಕ್ಕೆ ಗಾಡಿ ಬಂತು. ಅಕ್ಕ ಒಳಗೂ ಬರಲಿಲ್ಲ. "ಬೇಗ ಹೊರಡಪ್ಪಾ, ಅಂಗಡಿ ಬಿಟ್ಟು ಬಂದಿದೀನಿ," ಎಂದು ಗಾಡಿಯಿಂದಲೇ ಕೂಗಿದಳು. ಮಾವ ಚೀಲ ಹಿಡಿದು ಬಾಗಿಲಿಗೆ ಬಂದರು. ಇವರು ಗೋಡೆ ನೋಡುತ್ತಾ ನಿಂತಿದ್ದರು. ಮಾವ ಚಪ್ಪಲಿಯ ಬಾರಿಗೆ ಬೆರಳು ತೂರಿಸಲಾಗದೆ ಒದ್ದಾಡುತ್ತಿದ್ದರು. ನಾನು ಕೂತು ಚಪ್ಪಲಿ ಹಾಕಿಸಿದೆ. ಎದ್ದವಳು ಚೀಲವನ್ನು ಅವರ ಕೈಯಿಂದ ತೆಗೆದುಕೊಂಡೆ.

"ರೀ," ಎಂದೆ. "ಮಾವ ತೇಪೆ ಹಾಕ್ತಿದ್ದಾಗ ನಾನು ನೋಡಿದ್ದೆ."

ಇವರು ತಿರುಗಿದರು.

"ಗುರುವಾರ. ಟೀ ಕೊಡೋಕೆ ಹೋಗಿದ್ದೆ. ಒಂದು ಕಿಂಡಿ ಮುಚ್ಚಿ ಆಗಿತ್ತು, ಇನ್ನೊಂದು ಆಗಿರ್ಲಿಲ್ಲ. ಅಂಟಿನ ಘಾಟೂ ಬಂದಿತ್ತು. ಟೆಂಟ್ ಒಳಗೆ ಕೂತಾಗ್ಲೂ ಗೊತ್ತಾಯ್ತು. ನಾನು ಹೇಳ್ಲಿಲ್ಲ."

"ಯಾಕೆ?" ಎಂದಳು ದೊಡ್ಡವಳು. ಅವಳ ದನಿ ಚಿಕ್ಕ ಮಗುವಿನದಾಗಿತ್ತು. "ಅಮ್ಮಾ, ಯಾಕೆ?"

"ಮತ್ತೆ ಜಗಳ ಆಗುತ್ತೆ ಅಂತ."

ಇವರು ಕೂಗುತ್ತಾರೆಂದು ಕಾದೆ. ಕೂಗಲಿಲ್ಲ. ಹೊಸ್ತಿಲ ಮೇಲೆ ಕೂತು ಗ್ರೀಸಿನ ಬೆರಳುಗಳಲ್ಲಿ ತಲೆ ಹಿಡಿದುಕೊಂಡರು.

"ನಂಗೊತ್ತಿತ್ತು ಕಣಮ್ಮ," ಎಂದರು ಮಾವ.

"ಏನು ಮಾವ?"

"ನೀನು ಬಂದದ್ದು. ನಾನು ಕೆಳಗೆ ಮಲಗಿದ್ನಲ್ಲ, ಅಂಚಿನ ಆಚೆ ನಿನ್ನ ಪಾದ ಕಾಣ್ತಿತ್ತು. ಆಗ ಒಂದೇ ಕಿಂಡಿ ಮುಚ್ಚಿದ್ದೆ, ಇನ್ನೊಂದು ಮುಚ್ಚಲೋ ಬೇಡ್ವೋ ಅಂತಿದ್ದೆ. ದೊಡ್ಡ ಕೂಸು ಅಷ್ಟು ಹೇಳಿದ್ಲಲ್ಲ, ಮನಸ್ಸು ಹಿಂದೆ ಮುಂದೆ ಆಗ್ತಿತ್ತು." ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನೀನು ನಿಂತು ನೋಡಿ, ಟೀ ಇಟ್ಟು ಹೋದೆ. ತಪ್ಪಾಗಿದ್ರೆ ನೀನು ಹೇಳ್ತಿದ್ದೆ ಅಂತ ಧೈರ್ಯ ಮಾಡಿ ಅದನ್ನೂ ಮುಚ್ಚಿದೆ."

ಗಾಡಿಯ ಹಾರ್ನ್ ಕೇಳಿಸಿತು.

"ಅಪ್ಪಾ," ಎಂದರು ಇವರು ತಲೆ ಎತ್ತದೆ. "ಹೋಗ್ಬೇಡ."

"ಬಿಡೋ. ಕೂಸು ಮೂಗು ಬಿಟ್ಟು ಉಸಿರಾಡ್ಲಿ."

ಗುಬ್ಬಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು, ಫ್ರಾಕು ಮೂಗಿನ ಮೇಲೆ. ಅದರೊಳಗಿಂದಲೇ ಕೇಳಿದಳು, "ತಾತ, ಯಾವಾಗ ಬರ್ತೀಯಾ?"

"ಕೈ ವಾಸನೆ ಹೋದ ದಿನ ಬಂದುಬಿಡ್ತೀನಿ," ಎಂದು ಮಾವ ದೂರದಿಂದಲೇ ಹೇಳಿದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದರು. ಚೀಲವನ್ನು ನಾನೇ ಗಾಡಿಗೆ ಹಾಕಬೇಕಾಯಿತು.

ಗಾಡಿ ತಿರುವು ದಾಟಿತು. ಭಾನುವಾರವಾದ್ದರಿಂದ ಗರಗಸ ನಿಂತಿತ್ತು. ಆದರೂ ಕಿಟಕಿ ಕಟ್ಟೆಯ ಮೇಲೆ ಶನಿವಾರದ ಪುಡಿ ಇತ್ತು. ಬಟ್ಟೆ ತಂದು ಒರೆಸತೊಡಗಿದೆ. ಗುಬ್ಬಿ ಫ್ರಾಕು ಕೆಳಗೆ ಬಿಟ್ಟು ನನ್ನ ಪಕ್ಕ ಬಂದು ನಿಂತಳು.

"ಅಮ್ಮಾ, ತಾತನ ಕೈ ವಾಸನೆ ಬೇಗ ಹೋಗುತ್ತಾ?"

ಹೋಗುತ್ತೆ ಕಂದ, ನಾಳೆಯೇ ಹೋಗುತ್ತೆ ಎನ್ನಲು ಬಾಯಿ ತೆರೆದೆ. ಹಿಂದೆ ಹೊಸ್ತಿಲ ಮೇಲೆ ಇವರು ಹಾಗೇ ಕೂತಿದ್ದರು. ದೊಡ್ಡವಳು ನನ್ನನ್ನೇ ನೋಡುತ್ತಿದ್ದಳು.

"ಇಲ್ಲ," ಎಂದೆ. "ಅದು ಹೋಗಲ್ಲ. ನಲವತ್ತು ವರ್ಷದ್ದು."